ಗುಡ್ಡದ ಜಾಗದ ಮಣ್ಣು ಪರೀಕ್ಷೆ: ಕೆಂಪುಕಲ್ಲಿನ ಅಡಿಯಲ್ಲಿ ಶೇಡಿ ಇದ್ದರೆ ಎರಡು ಬೋರ್‌ಹೋಲ್ ಸಾಕೇ?

ಸಹಕಾರ ಸಂಘದ ಸದಸ್ಯ, ಮಂಗಳೂರು

ನಮ್ಮ ಗೃಹ ನಿರ್ಮಾಣ ಸಹಕಾರ ಸಂಘವು ಮಂಗಳೂರಿನ ಹೊರವಲಯದಲ್ಲಿ ಸುಮಾರು ಐದು ಎಕರೆ ಗುಡ್ಡದ ಜಾಗವನ್ನು ಖರೀದಿಸುವ ಮಾತುಕತೆಯಲ್ಲಿದೆ. ಮೇಲ್ಭಾಗವು ಮಳೆಗಾಲದ ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ಕೆಂಪುಕಲ್ಲಿನ ಪಾದೆ, ಅಂದರೆ ಬೋಳು ಕಲ್ಲುಹಾಸು. ಪೂರ್ವಕ್ಕೆ ಜಾಗ ಇಳಿಯುತ್ತ ಹೋಗಿ, ಬುಡದಲ್ಲಿ ಅಡಿಕೆ ತೋಟವನ್ನೂ ಒಂದು ತೋಡನ್ನೂ (ಸಣ್ಣ ಹಳ್ಳ) ಮುಟ್ಟುತ್ತದೆ. ಮೇಲೆ ನಾಲ್ಕು ಮಹಡಿಯ ಎರಡು ಕಟ್ಟಡಗಳು, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಸಾಲು ಮನೆಗಳು ಎಂಬುದು ಯೋಜನೆ. ಕೆಲವು ಕಡೆ ಬರೆಯ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆಯ, ಎತ್ತರ 9 ಮೀಟರ್ ಆಗುತ್ತದೆ.

ಮಾರಾಟಗಾರರು ಕೊಟ್ಟಿರುವ ವರದಿಯಲ್ಲಿ ಎರಡು ಬೋರ್‌ಹೋಲ್‌ಗಳಿವೆ. ಎರಡನ್ನೂ ಮೇಲಿನ ಸಮತಟ್ಟಿನಲ್ಲಿ, ಮಾರ್ಚ್ ತಿಂಗಳಿನಲ್ಲಿ ಕೊರೆಯಲಾಗಿದೆ. 4.5 ಮೀಟರ್ ಆಳದಲ್ಲಿ ‘ರಿಫ್ಯೂಸಲ್’ ಬಂದಿತೆಂದು ನಿಲ್ಲಿಸಿದ್ದಾರೆ. ಅಂತರ್ಜಲ ಸಿಗಲಿಲ್ಲವೆಂದೂ, 1.5 ಮೀಟರ್ ಆಳದಲ್ಲಿ ಚದರ ಮೀಟರಿಗೆ 25 ಟನ್ ಸುರಕ್ಷಿತ ಧಾರಣಾ ಸಾಮರ್ಥ್ಯ (ನೆಲ ಹೊರಬಲ್ಲ ಭಾರ) ಇದೆಯೆಂದೂ ಬರೆದಿದ್ದಾರೆ. ಜೊತೆಗೆ ನೆಲದ ಮೇಲೆ ತಟ್ಟೆಯಿಟ್ಟು ಹೊರೆ ಹೇರಿ ನೋಡುವ ಪ್ಲೇಟ್ ಲೋಡ್ ಪರೀಕ್ಷೆಯೊಂದರ ಫಲಿತಾಂಶವೂ ಇದ್ದು, ಅದೂ ಉತ್ತಮವಾಗಿಯೇ ಇದೆ. ಸಮಿತಿಯ ಹೆಚ್ಚಿನವರಿಗೆ ಈ ವರದಿ ಸಾಕೆನಿಸಿದೆ. ನನಗೆ ಸಮಾಧಾನವಿಲ್ಲ, ಆದರೆ ಏನು ಕೇಳಬೇಕೆಂದು ತಿಳಿಯುತ್ತಿಲ್ಲ. ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ಜಿಯೋಟೆಕ್ನಿಕಲ್ ಎಂಜಿನಿಯರ್, ಉಡುಪಿ

ನೀವು ಸಮಾಧಾನಪಡದಿರುವುದು ಸರಿಯಾಗಿಯೇ ಇದೆ. ಆ ವರದಿಯಲ್ಲಿರುವ ಅಂಕಿಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಅವು ಮೇಲಿನ ಗಟ್ಟಿ ಪದರದ ಅಂಕಿಗಳು. ನಿಮ್ಮ ಯೋಜನೆಯ ಅಳಿವು ಉಳಿವು ನಿಂತಿರುವುದು ಆ ಪದರದ ಕೆಳಗೆ ಇರುವ ಮಣ್ಣಿನ ಮೇಲೆ, ಮತ್ತು ಆ ಮಣ್ಣನ್ನು ಯಾರೂ ನೋಡಿಯೇ ಇಲ್ಲ.

ಕರಾವಳಿಯ ಗುಡ್ಡಗಳಲ್ಲಿ ಸಾಮಾನ್ಯವಾಗಿ ಮೇಲೆ ಕೆಂಪುಕಲ್ಲು, ತಳದಲ್ಲಿ ಗ್ರಾನೈಟ್ ಅಥವಾ ನೈಸ್ ಬಂಡೆ, ಇವೆರಡರ ನಡುವೆ ಬಿಳಿ, ಹಳದಿ, ನಸುಗೆಂಪು ಬಣ್ಣಗಳ ಶೇಡಿ ಮಣ್ಣು ಇರುತ್ತದೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಅದರ ಪರಿಚಯ ಇದ್ದೇ ಇದೆ. ಒಣಗಿದಾಗ ಅದು ಪಿಕಾಸಿಗೂ ಸುಲಭವಾಗಿ ಜಗ್ಗದಷ್ಟು ಬಿಗಿಯಾಗಿರುತ್ತದೆ. ನೀರು ಪೂರ್ತಿ ತುಂಬಿಕೊಂಡಾಗ ಅದೇ ಮಣ್ಣು ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಕಾರಣವೆಂದರೆ, ಅದರ ಕಣಗಳಲ್ಲಿ ಹೂಳುಮಣ್ಣು ಮತ್ತು ನುಣ್ಣನೆಯ ಮರಳಿನ ಪಾಲು ಹೆಚ್ಚು, ಅಂಟುವ ಜೇಡಿಯ ಪಾಲು ಕಡಿಮೆ. ಅರೆತೇವದಲ್ಲಿರುವಾಗ ರಂಧ್ರಗಳೊಳಗಿನ ನೀರಿನ ಹೀರುಬಲವು ಕಣಗಳನ್ನು ಪರಸ್ಪರ ಎಳೆದು ಹಿಡಿದಿರುತ್ತದೆ, ರಂಧ್ರಗಳು ನೀರಿನಿಂದ ತುಂಬಿದ ಕೂಡಲೇ ಆ ಹಿಡಿತ ಹೋಗುತ್ತದೆ. ಮಾರ್ಚ್ ತಿಂಗಳಿನಲ್ಲಿ ಕೊರೆದು ತೆಗೆದ ಮಾದರಿಯನ್ನು ಇದ್ದ ತೇವದಲ್ಲಿಯೇ ಪರೀಕ್ಷಿಸಿದರೆ, ಜುಲೈ ತಿಂಗಳಿನಲ್ಲಿ ಇಲ್ಲದೇ ಹೋಗುವ ಬಲವನ್ನು ಕಾಗದದ ಮೇಲೆ ಬರೆದಂತಾಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ.

ಇನ್ನು ‘ರಿಫ್ಯೂಸಲ್’ ಎಂಬ ಮಾತು. ಸ್ಟ್ಯಾಂಡರ್ಡ್ ಪೆನಿಟ್ರೇಶನ್ ಪರೀಕ್ಷೆಯಲ್ಲಿ 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಮೊದಲ 15 ಸೆಂಟಿಮೀಟರ್ ಬಿಟ್ಟು, ಮುಂದಿನ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುತ್ತಾರೆ. ಪೆಟ್ಟುಗಳು 50 ದಾಟಿದರೂ ಕೊಳವೆ ಇಳಿಯದಿದ್ದರೆ ರಿಫ್ಯೂಸಲ್ ಎಂದು ಬರೆದು ನಿಲ್ಲಿಸುವುದು ರೂಢಿ. ಅಡಿಯಲ್ಲಿ ಬಂಡೆಯೇ ಇರುವ ಕಡೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಕೆಂಪುಕಲ್ಲಿನಲ್ಲಿ ಹಾಗಲ್ಲ: ಕೊಳವೆಯ ಬಾಯಿಗೆ ಒಂದು ಕಲ್ಲಿನ ಹರಳು ಸಿಕ್ಕಿದರೂ ಪೆಟ್ಟಿನ ಲೆಕ್ಕ ಏರುತ್ತದೆ, ಗಟ್ಟಿ ಪದರದ ನಡುವೆ ನಿಲ್ಲಿಸಿದರೆ ಅದರ ಕೆಳಗಿನ ಮೆತ್ತನೆಯ ಮಣ್ಣು ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ಎರಡು ಬೋರ್‌ಹೋಲ್‌ಗಳು ನಿಂತಿರುವುದು ನಿಜವಾದ ಪರೀಕ್ಷೆ ಆರಂಭವಾಗಬೇಕಾದ ಆಳದಲ್ಲಿ. ಕೆಂಪುಕಲ್ಲನ್ನು ಕೋರ್ ಕೊರೆತದಿಂದ (ಕಲ್ಲನ್ನು ಉರುಳೆಯಾಗಿ ಇಡಿಯಾಗಿ ಹೊರತೆಗೆಯುವ ಕೊರೆತ) ದಾಟಿ, ಶೇಡಿಯನ್ನೂ ದಾಟಿ, ತಳದ ಬಂಡೆಯೊಳಗೆ ಕನಿಷ್ಠ ಮೂರು ಮೀಟರ್ ಹೋಗದೆ ಈ ಗುಡ್ಡದ ಬಗ್ಗೆ ಯಾರೂ ಸಹಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ಲೇಟ್ ಲೋಡ್ ಪರೀಕ್ಷೆಯಲ್ಲೂ ಇದೇ ಕೊರತೆಯಿದೆ. ಭಾರತೀಯ ಮಾನಕ (ಐಎಸ್) 1888ರ ಪ್ರಕಾರ ಬಳಸುವ ತಟ್ಟೆಯ ಅಗಲ 30ರಿಂದ 75 ಸೆಂಟಿಮೀಟರ್. ಅದರ ಹೊರೆಯ ಪ್ರಭಾವ ಹೆಚ್ಚೆಂದರೆ ತಟ್ಟೆಯ ಅಗಲದ ಎರಡು ಪಟ್ಟು ಆಳಕ್ಕೆ ತಲುಪುತ್ತದೆ. 60 ಸೆಂಟಿಮೀಟರ್ ತಟ್ಟೆಗೆ ಸುಮಾರು 1.2 ಮೀಟರ್ ಕೆಳಗಿನ ಮಣ್ಣಿನ ಸುಳಿವೇ ಸಿಗುವುದಿಲ್ಲ. ನಿಮ್ಮ ಕಟ್ಟಡದ ಹೊರೆ ಅದಕ್ಕಿಂತ ಬಹಳ ಆಳಕ್ಕೆ ಹೋಗುತ್ತದೆ.

ಕೆಂಪುಕಲ್ಲು ಕೋರೆ ನಡೆಸಿದವರು, ಬಂಟ್ವಾಳ

ಉಡುಪಿಯವರು ಹೇಳಿದ್ದನ್ನು ಕೋರೆಯಲ್ಲಿ ದಿನನಿತ್ಯ ಕಾಣಬಹುದು. ಮೇಲಿನ ಸಾಲುಗಳ ಕಲ್ಲು ಗಟ್ಟಿ, ಕಡುಗೆಂಪು. ಕೆಳಗಿಳಿದಂತೆ ಕಲ್ಲು ಹಳದಿಗೆ ತಿರುಗುತ್ತದೆ, ಮೂಲೆಗಳು ಉದುರುತ್ತವೆ, ಬಿಳಿ ಮಣ್ಣು ತುಂಬಿದ ತೂತುಗಳು ಹೆಚ್ಚಾಗುತ್ತವೆ. ಶೇಡಿ ಕಂಡ ಕೂಡಲೇ ಕಲ್ಲು ಮುಗಿಯಿತೆಂದು ಯಂತ್ರವನ್ನು ಬೇರೆ ಕಡೆಗೆ ಸಾಗಿಸುತ್ತೇವೆ. ಗಮನಿಸಬೇಕಾದ ವಿಷಯವೆಂದರೆ, ಒಂದೇ ಕೋರೆಯ ಒಂದು ಬದಿಯಲ್ಲಿ ಎರಡಾಳು ಎತ್ತರಕ್ಕೆ ಕಲ್ಲು ಸಿಕ್ಕರೆ ಇನ್ನೊಂದು ಬದಿಯಲ್ಲಿ ಮೊಣಕಾಲೆತ್ತರಕ್ಕೇ ಶೇಡಿ ಬರುತ್ತದೆ. ಆದುದರಿಂದ ಐದು ಎಕರೆಗೆ ಎರಡು ತೂತು ತೋಡಿ ಎಲ್ಲ ಕಡೆಯೂ ಹೀಗೆಯೇ ಇದೆ ಎನ್ನುವುದನ್ನು ಕೋರೆಯ ಕೆಲಸಗಾರರು ಯಾರೂ ಒಪ್ಪುವುದಿಲ್ಲ.

ಸಮಿತಿಯವರಿಗೆ ತೋರಿಸಬೇಕೆಂದಿದ್ದರೆ ಒಂದು ಸುಲಭದ ಕೆಲಸವಿದೆ. ಇಳಿಜಾರಿನಲ್ಲಿ ಎಲ್ಲಾದರೂ ರಸ್ತೆ ಕಡಿದ ಜಾಗದಿಂದ ಮುಷ್ಟಿಗಾತ್ರದ ಒಣ ಶೇಡಿ ಹೆಂಟೆಯೊಂದನ್ನು ಎಬ್ಬಿಸಿ, ಬಕೆಟಿನ ತಿಳಿನೀರಿನಲ್ಲಿ ಕಲಕದೆ ಮೆಲ್ಲಗೆ ಇಳಿಸಿ ಬಿಡಿ. ಮೊದಲು ಗುಳ್ಳೆಗಳು ಏಳುತ್ತವೆ. ಅಂಚುಗಳು ಸಿಪ್ಪೆ ಸಿಪ್ಪೆಯಾಗಿ ಕಳಚಿ ಬೀಳುತ್ತವೆ. ಸ್ವಲ್ಪ ಹೊತ್ತಿನಲ್ಲಿ ಹೆಂಟೆ ಇದ್ದ ಜಾಗದಲ್ಲಿ ಮಣ್ಣಿನ ಗುಪ್ಪೆ ಮಾತ್ರ ಉಳಿದು, ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲೇ ಇನ್ನೊಂದು ಬಕೆಟಿನಲ್ಲಿ ಮೇಲಿನ ಕೆಂಪುಕಲ್ಲಿನ ತುಂಡನ್ನು ಹಾಕಿಟ್ಟರೆ ಅದು ಮರುದಿನವೂ ಹಾಗೆಯೇ ಇರುತ್ತದೆ.

ನಿವೃತ್ತ ಭೂವಿಜ್ಞಾನಿ, ಮೈಸೂರು

ಕೋರೆಯವರ ವಿವರಣೆಗೆ ಭೂವಿಜ್ಞಾನದ ಕಾರಣವನ್ನು ಸೇರಿಸುತ್ತೇನೆ. ಬಿಸಿಲು ಮಳೆಗಳ ಹವೆಯಲ್ಲಿ ತಳದ ಬಂಡೆ ಬಹುಕಾಲ ಶಿಥಿಲಗೊಂಡು, ಸಿಲಿಕಾ ಮತ್ತು ಕರಗುವ ಲವಣಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಆಕ್ಸೈಡುಗಳು ಮೇಲೆ ಉಳಿದುಕೊಂಡಾಗ ಕೆಂಪುಕಲ್ಲಿನ ಹೊದಿಕೆ ಮೂಡುತ್ತದೆ. ಅದರ ಕೆಳಗೆ ಶಿಥಿಲಗೊಂಡರೂ ಕಬ್ಬಿಣದ ಬೆಸುಗೆ ದಕ್ಕದೆ ಉಳಿದ ಭಾಗವೇ ಕೆಯೊಲಿನೈಟ್ ಎಂಬ ಬಿಳಿ ಜೇಡಿ ಖನಿಜ ಪ್ರಧಾನವಾದ ಶೇಡಿ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ವೃತ್ತಾಂತದಲ್ಲಿ ಮಲಬಾರಿನ ಅಂಗಡಿಪುರಂ ಬಳಿಯ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟಾಗಲೇ, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಅದರ ಗುಣವನ್ನು ಗುರುತಿಸಿದ್ದ. ಪಾದೆಯ ಮೇಲೆ ನಡೆಯುವವರಿಗೆ ಕಾಲಿಗೆ ತಾಗುವ ಗಡಸುತನ ಹೊರಮೈಯದು ಎಂಬುದಕ್ಕಾಗಿ ಇದನ್ನು ಹೇಳಿದೆ.

ಕೊರೆತಕ್ಕೆ ಮುಂಚೆ ಮಾಡಬೇಕಾದ, ಹೆಚ್ಚು ಖರ್ಚಿಲ್ಲದ ಕೆಲಸವೊಂದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದಲ್ಲಿ 1:50,000 ಪ್ರಮಾಣದ ಭೂವಿಜ್ಞಾನ ನಕ್ಷೆಗಳೂ ಭೂಕುಸಿತ ಸಾಧ್ಯತೆಯ ನಕ್ಷೆಗಳೂ ದೊರೆಯುತ್ತವೆ. ಅವುಗಳನ್ನೂ, ಹಳೆಯ ಸರ್ವೆ ನಕ್ಷೆಯಲ್ಲಿ ತೋಡುಗಳು ಹರಿದ ದಾರಿಯನ್ನೂ, ಬೇರೆ ಬೇರೆ ವರ್ಷಗಳ ಉಪಗ್ರಹ ಚಿತ್ರಗಳನ್ನೂ ಒಟ್ಟಿಗಿಟ್ಟು ನೋಡಿ. ಜಾಗದ ಸ್ಥಳೀಯ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ನೀರಿನ ಲಭ್ಯತೆಯ ಮೇಲೆ ವಿಂಗಡಿಸಿದ ನಾಡು ಅದು. ಬೈಲು ಎಂದರೆ ಹೆಚ್ಚು ನೀರಿರುವ ತಗ್ಗಿನ ಗದ್ದೆ. ಈಗ ಮಣ್ಣು ತುಂಬಿ ಸಮತಟ್ಟಾಗಿರುವ ಜಾಗಕ್ಕೆ ಆ ಹೆಸರಿದ್ದರೆ, ತುಂಬಿದ ಮಣ್ಣಿನ ಕೆಳಗೆ ಹಳೆಯ ಗದ್ದೆಯ ಕೆಸರು ಈಗಲೂ ಇರಬಹುದೆಂದು ಅನುಮಾನಿಸಬೇಕು.

ಇದಕ್ಕಿಂತ ಮುಖ್ಯವಾದದ್ದು ಸುರಂಗಗಳ ವಿಚಾರ. ಬಂಟ್ವಾಳ, ಪುತ್ತೂರು, ಕಾಸರಗೋಡು ಸೀಮೆಯಲ್ಲಿ ಗುಡ್ಡದ ಒಡಲಿಗೆ ಅಡ್ಡಲಾಗಿ ಸುರಂಗ ಕೊರೆದು ನೀರು ಪಡೆಯುವ ಪದ್ಧತಿ ಹಿಂದಿನಿಂದ ಬಂದದ್ದು. 2022ರಲ್ಲಿ ಪದ್ಮಶ್ರೀ ಪಡೆದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ ತೋಟ ಎಬ್ಬಿಸಿದವರು. ಆ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಬಳಕೆ ತಪ್ಪಿ, ಬಾಯಿ ಮುಚ್ಚಿಹೋಗಿ, ಯಾವ ನಕ್ಷೆಯಲ್ಲೂ ದಾಖಲಾಗದ ಹಳೆಯ ಸುರಂಗದ ಮೇಲೆ ಕಟ್ಟಡದ ಕಂಬ ನಿಂತರೆ ಅದು ಗಂಭೀರ ಅಪಾಯ. ಇಳಿಜಾರಿನ ಬುಡದಲ್ಲಿ ಅಡಿಕೆ ತೋಟವಿದೆ ಎಂದಿದ್ದೀರಿ. ಆ ತೋಟಕ್ಕೆ ಹಿಂದೆ ನೀರು ಎಲ್ಲಿಂದ ಬರುತ್ತಿತ್ತೆಂದು ತೋಟದ ಹಿರಿಯರನ್ನು ಕೇಳಿ. ಅನುಮಾನ ಬಂದರೆ, ನೆಲದೊಳಗೆ ವಿದ್ಯುತ್ ಹಾಯಿಸಿ ಅದಕ್ಕೆ ಎಷ್ಟು ತಡೆಯಿದೆಯೆಂದು ಅಳೆಯುವ ವಿದ್ಯುತ್ ರೋಧಕತೆಯ ಸಮೀಕ್ಷೆಯನ್ನು ಗುಡ್ಡಕ್ಕೆ ಅಡ್ಡಲಾಗಿ ಹಲವು ಗೆರೆಗಳಲ್ಲಿ ಮಾಡಿಸಬೇಕು. ಪೊಳ್ಳು ಜಾಗ, ನೀರು ತುಂಬಿದ ಶೇಡಿ, ಗಟ್ಟಿ ಬಂಡೆ ಇವು ಬೇರೆ ಬೇರೆ ರೋಧಕತೆ ತೋರಿಸುವುದರಿಂದ, ಎಲ್ಲಿ ಕೊರೆಯಬೇಕೆಂದು ತೀರ್ಮಾನಿಸಲು ಅದು ನೆರವಾಗುತ್ತದೆ. ಅದು ಕೊರೆತಕ್ಕೆ ಪರ್ಯಾಯವಂತೂ ಅಲ್ಲ.

ಸಹಕಾರ ಸಂಘದ ಸದಸ್ಯ, ಮಂಗಳೂರು

ಎಲ್ಲರಿಗೂ ಧನ್ಯವಾದಗಳು. ತೋಟದವರನ್ನು ವಿಚಾರಿಸಿದೆ. ಇಳಿಜಾರಿನ ಮಧ್ಯಭಾಗದಲ್ಲಿ ಮಳೆಗಾಲದಲ್ಲಿ ಮಾತ್ರ ನೀರು ಜಿನುಗುವ ಒಂದು ಸಾಲು ಇದೆಯಂತೆ, ದೀಪಾವಳಿಯ ಹೊತ್ತಿಗೆ ಅದು ಬತ್ತುತ್ತದೆ. ಸುರಂಗ ಇರಲಿಲ್ಲವೆಂದು ಖಚಿತವಾಗಿ ಹೇಳಿದರು.

ಇನ್ನೊಂದು ಪ್ರಶ್ನೆ. ನಮ್ಮ ವಿನ್ಯಾಸದಲ್ಲಿ ಮಳೆನೀರಿಗಾಗಿ ಪಾದೆಯ ಅಂಚಿನ ಉದ್ದಕ್ಕೂ ಇಂಗುಗುಂಡಿಗಳನ್ನು ತೋರಿಸಲಾಗಿದೆ. ಅದರಿಂದ ಏನಾದರೂ ತೊಂದರೆ ಇದೆಯೇ?

ಜಿಯೋಟೆಕ್ನಿಕಲ್ ಎಂಜಿನಿಯರ್, ಉಡುಪಿ

ಆ ಜಿನುಗುವ ಸಾಲು ನಿಮಗೆ ಸಿಕ್ಕಿರುವ ಅತ್ಯಂತ ಬೆಲೆಬಾಳುವ ಮಾಹಿತಿ. ಕೆಂಪುಕಲ್ಲಿನ ತೂತುಗಳ ಮೂಲಕ ಮಳೆನೀರು ಬೇಗನೆ ಇಳಿದು, ನೀರನ್ನು ನಿಧಾನವಾಗಿ ಬಿಡುವ ಶೇಡಿಯ ನೆತ್ತಿಗೆ ಬಂದು ನಿಂತು, ಅಡ್ಡಲಾಗಿ ಹರಿದು ಹೊರಬರುವ ಗೆರೆ ಅದಾಗಿರಬೇಕು. ಹಾಗಿದ್ದರೆ ಎರಡು ಪದರಗಳ ಸಂಧಿ ಎಲ್ಲಿದೆಯೆಂದು ಗುಡ್ಡವೇ ಹೇಳಿದಂತಾಯಿತು. ಆ ಗೆರೆಯ ಮಟ್ಟವನ್ನು ಸರ್ವೆ ಮಾಡಿಸಿ ನಕ್ಷೆಗೆ ಏರಿಸಿ. ನಿಮ್ಮ 9 ಮೀಟರ್ ಬರೆ ಅದನ್ನು ಕತ್ತರಿಸಿಕೊಂಡು ಹೋಗುತ್ತದೆಯೆಂದೇ ನನ್ನ ಅಂದಾಜು. ಬೇಸಿಗೆಯಲ್ಲಿ ಕಡಿದ ಬರೆ ನೇರವಾಗಿ, ಅಂದವಾಗಿ ನಿಂತಿರುತ್ತದೆ. ಮಳೆ ಹಿಡಿದ ಮೇಲೆ ಸಂಧಿಯಲ್ಲಿ ಹೊರಬರುವ ನೀರು ಮೊದಲು ಶೇಡಿಯನ್ನು ತೊಳೆದೊಯ್ಯುತ್ತದೆ, ಬುಡ ಕಳೆದುಕೊಂಡ ಕೆಂಪುಕಲ್ಲು ಆಮೇಲೆ ದೊಡ್ಡ ತುಂಡುಗಳಾಗಿ ಕಳಚಿ ಬೀಳುತ್ತದೆ.

ಇಂಗುಗುಂಡಿಗಳನ್ನು ಬರೆಯ ನೆತ್ತಿಯಲ್ಲಿ ತೋಡುವುದೆಂದರೆ ಈ ಕ್ರಿಯೆಗೆ ನಾವೇ ನೀರು ಎರೆದಂತೆ. ಅವುಗಳನ್ನು ಅಲ್ಲಿಂದ ತೆಗೆಯಲೇಬೇಕು. ಶೌಚದ ಇಂಗುಗುಂಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಅವು ವರ್ಷವಿಡೀ ತೇವ ಬಿಡುವುದರಿಂದ ಇನ್ನೂ ಹೆಚ್ಚಾಗಿ.

ಜಲಸಂರಕ್ಷಣಾ ಕಾರ್ಯಕರ್ತ, ಪುತ್ತೂರು

ಇದನ್ನು ಪೂರ್ತಿಯಾಗಿ ಒಪ್ಪಲಾರೆ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್ ತಿಂಗಳಿನಲ್ಲಿ ಬಾವಿಗಳು ಬತ್ತುತ್ತಿರುವಾಗ ಗುಡ್ಡದ ನೆತ್ತಿಯಲ್ಲಿ ನೀರಿಂಗಿಸಬಾರದೆಂಬ ಸಂದೇಶ ಹೋದರೆ, ಹಲವರ ವರ್ಷಗಳ ಪ್ರಯತ್ನ ಹಾಳಾಗುತ್ತದೆ. ಕಡಿಯದ ಗುಡ್ಡದಲ್ಲಿ ಇಂಗಿದ ನೀರಿನಿಂದ ಕುಸಿತವಾಯಿತೆಂದು ಹೇಳುವುದಕ್ಕಿಂತ, ಗುಡ್ಡವನ್ನು ಕಡಿದದ್ದರಿಂದ ಕುಸಿತವಾಯಿತೆನ್ನುವುದು ನ್ಯಾಯ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ನಡೆದದ್ದನ್ನು ಪರಿಶೀಲಿಸಿದ ಭೂವೈಜ್ಞಾನಿಕ ಸರ್ವೇಕ್ಷಣೆಯೂ, ಅತಿವೃಷ್ಟಿಯ ಜೊತೆಗೆ ಮನೆ ರಸ್ತೆಗಳಿಗಾಗಿ ಇಳಿಜಾರುಗಳನ್ನು ಅಡ್ಡಾದಿಡ್ಡಿ ಕಡಿದದ್ದನ್ನು ಕಾರಣವಾಗಿ ಗುರುತಿಸಿತ್ತು. ನೀರನ್ನು ದೂರುವ ಬದಲು 9 ಮೀಟರ್ ಬರೆಯನ್ನೇ ಕೈಬಿಡಬಾರದೇಕೆ?

ಜಿಯೋಟೆಕ್ನಿಕಲ್ ಎಂಜಿನಿಯರ್, ಉಡುಪಿ

ನಿಮ್ಮ ಕೊನೆಯ ಪ್ರಶ್ನೆ ಸರಿಯಾಗಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿದು ಗಂಗಾವಳಿ ನದಿಯವರೆಗೆ ಹರಿದದ್ದನ್ನು ಕಂಡ ಮೇಲೂ, ಕಡಿದ ಬರೆಯನ್ನು ಲಘುವಾಗಿ ಕಾಣಲು ಯಾರಿಗೂ ಮನಸ್ಸು ಬರಬಾರದು. ಕಡಿಯದ ಗುಡ್ಡದ ನೆತ್ತಿಯಲ್ಲಿ, ಇಳಿಜಾರಿನ ಅಂಚಿನಿಂದ ಸಾಕಷ್ಟು ಒಳಗೆ ನೀರಿಂಗಿಸುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಬರೆಯನ್ನು ಕಡಿಯುವುದೇ ಆದರೆ ಅದರ ಹಿಂದೆ ನೀರಿಂಗಿಸುವಂತಿಲ್ಲ. ಚಾವಣಿಯ ನೀರನ್ನು ಟ್ಯಾಂಕಿನಲ್ಲಿ ಹಿಡಿಯಿರಿ, ಉಳಿದದ್ದನ್ನು ಕಟ್ಟಿದ ಚರಂಡಿಯಲ್ಲಿ ತೋಡಿನ ತನಕ ಇಳಿಸಿ, ಬೇಕಿದ್ದರೆ ಬುಡದ ಬಯಲಿನಲ್ಲಿ ಇಂಗಿಸಿ.

ಸಿವಿಲ್ ಗುತ್ತಿಗೆದಾರ, ಹುಬ್ಬಳ್ಳಿ

ನಮ್ಮ ಕಡೆ ಎರೆಮಣ್ಣಿಗೆ ಮೊದಲು, ನೀರಿನಲ್ಲಿ ಮಣ್ಣು ಎಷ್ಟು ಹಿಗ್ಗುತ್ತದೆಂದು ನೋಡುವ ಫ್ರೀ ಸ್ವೆಲ್ ಪರೀಕ್ಷೆ ಮಾಡಿಸುತ್ತೇವೆ. ಹಿಗ್ಗುವಿಕೆ ಹೆಚ್ಚಿದ್ದರೆ ಅಂಡರ್‌ರೀಮ್ಡ್ ಪೈಲ್ (ಬುಡದಲ್ಲಿ ಅಗಲವಾದ ನೆಲಗಂಬ) ಹಾಕುತ್ತೇವೆ. ಶೇಡಿಗೂ ಆ ಪರೀಕ್ಷೆ ಸಾಕಾಗುವುದಿಲ್ಲವೇ?

ಜಿಯೋಟೆಕ್ನಿಕಲ್ ಎಂಜಿನಿಯರ್, ಉಡುಪಿ

ಸಾಕಾಗುವುದಿಲ್ಲ. ಎರೆಮಣ್ಣಿನ ತೊಂದರೆಗೆ ಮೂಲ ಅದರೊಳಗಿನ ಮಾಂಟ್‌ಮೊರಿಲ್ಲನೈಟ್ ಎಂಬ ಜೇಡಿ ಖನಿಜ, ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಶೇಡಿಯ ಕೆಯೊಲಿನೈಟ್ ಹೆಚ್ಚು ಉಬ್ಬುವುದಿಲ್ಲ, ಆದುದರಿಂದ ಫ್ರೀ ಸ್ವೆಲ್ ಫಲಿತಾಂಶ ಚೆನ್ನಾಗಿಯೇ ಬರುತ್ತದೆ, ಅದನ್ನು ನೋಡಿ ನಿರಾಳವಾಗುವವರಿದ್ದಾರೆ. ಇಲ್ಲಿ ಕೇಳಬೇಕಾದದ್ದು ನೀರು ತುಂಬಿಸಿದ ಮಾದರಿಯ ಮೇಲೆ ಐಎಸ್ 2720ರ 13ನೇ ಭಾಗದ ಡೈರೆಕ್ಟ್ ಶಿಯರ್ ಪರೀಕ್ಷೆ (ಮಣ್ಣು ಜಾರಿ ಕತ್ತರಿಸಲು ಬೇಕಾದ ಬಲದ ಅಳತೆ), 12ನೇ ಭಾಗದಂತೆ ಮಾದರಿಯನ್ನು ಸುತ್ತಲಿನಿಂದಲೂ ಮೇಲಿನಿಂದಲೂ ಒತ್ತಿ ರಂಧ್ರಗಳ ನೀರಿನ ಒತ್ತಡವನ್ನೂ ಅಳೆಯುವ ಟ್ರೈಆಕ್ಸಿಯಲ್ ಪರೀಕ್ಷೆ, ಮತ್ತು ಹರಿಯುವ ನೀರಿಗೆ ಮಣ್ಣು ಎಷ್ಟು ಕರಗಿಹೋಗುತ್ತದೆಂದು ತೋರಿಸುವ ಪಿನ್‌ಹೋಲ್ ಪರೀಕ್ಷೆ.

ಮಾದರಿ ತೆಗೆಯುವ ಬಗೆಯನ್ನೂ ನಿಗದಿಪಡಿಸಬೇಕು. ನೀರು ಹಾಯಿಸಿ ಕೊರೆಯುವ ವಿಧಾನದಲ್ಲಿ ಶೇಡಿ ಅರ್ಧಕ್ಕರ್ಧ ತೊಳೆದುಹೋಗಿ, ಪೆಟ್ಟಿಗೆಯಲ್ಲಿ ಕಲ್ಲಿನ ಚೂರುಗಳಷ್ಟೇ ಉಳಿಯುತ್ತವೆ. ಇಳಿಜಾರಿನಲ್ಲಿ ಅಗಲವಾದ ಪರೀಕ್ಷಾ ಗುಂಡಿಗಳನ್ನು ತೆಗೆಸಿ, ಅಲ್ಲಿಂದ ಕೈಯಿಂದ ಕೊರೆದ ಚೌಕ ಗಟ್ಟಿಗಳನ್ನು ಮೇಣ ಸವರಿ ಪ್ರಯೋಗಾಲಯಕ್ಕೆ ಸಾಗಿಸುವುದು ಉತ್ತಮ. ಒಂದೂವರೆ ಮೀಟರಿಗಿಂತ ಆಳದ ಗುಂಡಿಗೆ ಆಧಾರ ಕೊಡದೆ ಅಥವಾ ಬದಿಗಳನ್ನು ಓರೆಯಾಗಿ ಕಡಿಯದೆ ಯಾವ ಕೆಲಸಗಾರರನ್ನೂ ಇಳಿಸಬೇಡಿ. ಇದನ್ನು ಒಪ್ಪಂದದಲ್ಲೇ ಬರೆಯಿರಿ.

ಸ್ಟ್ರಕ್ಚರಲ್ ಎಂಜಿನಿಯರ್, ಬೆಂಗಳೂರು

ಸಂಖ್ಯೆ ಮತ್ತು ಆಳದ ಬಗ್ಗೆ ಒಂದು ಮಾತು. ಸುಮಾರು 0.4 ಹೆಕ್ಟೇರ್, ಅಂದರೆ ಒಂದು ಎಕರೆಯಷ್ಟಿರುವ ನಿವೇಶನಕ್ಕೆ ನಾಲ್ಕು ಮೂಲೆಗಳಲ್ಲಿ ಒಂದೊಂದು, ಮಧ್ಯದಲ್ಲಿ ಒಂದು ಬೋರ್‌ಹೋಲ್ ಎಂದು ಐಎಸ್ 1892ರ 1979ರ ಆವೃತ್ತಿಯೇ ಹೇಳಿತ್ತು. ಐದು ಎಕರೆಗೆ ಎರಡು ಎಂಬುದಕ್ಕೆ ಯಾವ ಲೆಕ್ಕದಲ್ಲೂ ಸಮರ್ಥನೆಯಿಲ್ಲ. ಆಳ ಪಾಯದ ಅಗಲದ ಒಂದೂವರೆ ಪಟ್ಟಾದರೂ ಇರಬೇಕು. ಎರಡು ಮೀಟರ್ ಅಗಲದ ಬಿಡಿ ಪಾಯಕ್ಕೆ ಅದು ಪಾಯದ ತಳದಿಂದ ಮೂರು ಮೀಟರ್ ಆದರೆ, ಇಡೀ ಕಟ್ಟಡದಡಿ ಒಂದೇ ಹಾಸಾಗಿ ಹಾಕುವ 15 ಮೀಟರ್ ಅಗಲದ ರಾಫ್ಟ್‌ಗೆ 22.5 ಮೀಟರ್, ಅಥವಾ ಗಟ್ಟಿ ಬಂಡೆಯವರೆಗೆ.

ನನಗೆ ಹೆಚ್ಚು ಆತಂಕ ತಂದಿರುವುದು ಸಾಲು ಮನೆಗಳು. ಇಳಿಜಾರನ್ನು ಕತ್ತರಿಸಿದ ಮಣ್ಣನ್ನೇ ಮುಂದಕ್ಕೆ ತಳ್ಳಿ ಸಮತಟ್ಟು ಮಾಡುವುದು ಎಲ್ಲ ಕಡೆ ನಡೆಯುವ ಕ್ರಮ. ಆಗ ಪ್ರತಿ ಮನೆಯ ಹಿಂಭಾಗ ಕಡಿದ ಗಟ್ಟಿ ನೆಲದ ಮೇಲೂ ಮುಂಭಾಗ ತುಂಬಿದ ಸಡಿಲ ಮಣ್ಣಿನ ಮೇಲೂ ಕೂರುತ್ತದೆ. ಮುಂಭಾಗ ಕುಸಿಯುತ್ತ ಹೋಗುತ್ತದೆ, ಹಿಂಭಾಗ ಅಲುಗುವುದಿಲ್ಲ, ಮನೆ ನಡುವೆ ಸೀಳುತ್ತದೆ. ತುಂಬುವ ಮಣ್ಣು ಶೇಡಿಯೇ ಆಗಿದ್ದರೆ ಮೊದಲ ಮಳೆಗಾಲದಲ್ಲೇ ಅದು ಕಾಣಿಸಿಕೊಳ್ಳುತ್ತದೆ. ಎಲ್ಲ ಕಂಬಗಳ ಪಾಯವೂ ತುಂಬಿದ ಮಣ್ಣನ್ನು ದಾಟಿ ಮೂಲ ನೆಲಕ್ಕೆ ಇಳಿಯಬೇಕೆಂಬ ಷರತ್ತನ್ನು ಈಗಲೇ ಹಾಕಿ. ತಡೆಗೋಡೆಗಳ ಜಿನುಗುರಂಧ್ರಗಳ ಹಿಂದೆ ಸೋಸುಪದರ ಇರಲೇಬೇಕು, ಇಲ್ಲದಿದ್ದರೆ ನೀರಿನ ಜೊತೆ ಶೇಡಿಯೂ ಹೊರಹರಿದು ಗೋಡೆಯ ಹಿಂದೆ ಪೊಳ್ಳಾಗುತ್ತದೆ. 2016ರ ಐಎಸ್ 1893ರ ನಕ್ಷೆಯಲ್ಲಿ ಮಂಗಳೂರು ಮೂರನೇ ಭೂಕಂಪ ವಲಯದಲ್ಲಿದೆ, ಬರೆಯ ಸ್ಥಿರತೆಯ ಲೆಕ್ಕದಲ್ಲಿ ಅದನ್ನೂ ಸೇರಿಸಿ ನೋಡಬೇಕು.

ಸಹಕಾರ ಸಂಘದ ಸದಸ್ಯ, ಮಂಗಳೂರು

ನಿನ್ನೆ ಸಮಿತಿಯ ಸಭೆಯಲ್ಲಿ ಈ ಚರ್ಚೆಯನ್ನು ಓದಿ ಹೇಳಿದೆ. ಬಕೆಟಿನ ಪ್ರಯೋಗವನ್ನೂ ಅಲ್ಲಿಯೇ ಮಾಡಿ ತೋರಿಸಿದೆವು, ಅದಾದ ಮೇಲೆ ಹೆಚ್ಚಿನ ವಾದ ಬರಲಿಲ್ಲ. ಹೊಸ ಪರೀಕ್ಷೆಯ ಖರ್ಚನ್ನು ಸಂಘವೇ ಭರಿಸುವುದೆಂದೂ, ವರದಿ ಬರುವವರೆಗೆ ಮುಂಗಡ ಕೊಡುವುದಿಲ್ಲವೆಂದೂ ತೀರ್ಮಾನವಾಯಿತು. ಮಾರಾಟಗಾರರು ಮಳೆಗಾಲಕ್ಕೆ ಮುಂಚೆ ಕರಾರು ಆಗಲೇಬೇಕೆನ್ನುತ್ತಿದ್ದಾರೆ. ಮಳೆಗಾಲ ಮುಗಿಯುವವರೆಗೆ ಕಾಯುವುದು ಅಗತ್ಯವೇ?

ಜಿಯೋಟೆಕ್ನಿಕಲ್ ಎಂಜಿನಿಯರ್, ಉಡುಪಿ

ಅಗತ್ಯ. ಕೊರೆತವನ್ನು ಈಗಲೇ ಮುಗಿಸಬಹುದು, ಪ್ರಯೋಗಾಲಯದಲ್ಲಿ ಮಾದರಿಗೆ ನೀರು ತುಂಬಿಸಲು ಮಳೆಗೆ ಕಾಯಬೇಕಾಗಿಲ್ಲ. ಆದರೆ ಗುಡ್ಡದೊಳಗೆ ನೀರಿನ ಮಟ್ಟ ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಒಂದು ಪೂರ್ಣ ಮಳೆಗಾಲ ಅಳೆಯದೆ ತಿಳಿಯಲಾಗದು, ಬರೆಯ ಲೆಕ್ಕದಲ್ಲಿ ಫಲಿತಾಂಶವನ್ನು ಹೆಚ್ಚು ಬದಲಿಸುವ ಅಂಕಿಯೂ ಅದೇ. ಒಣಗಿದ ಗುಡ್ಡಕ್ಕೆ 1.5 ಸುರಕ್ಷಾ ಗುಣಾಂಕ (ಹಿಡಿದಿಡುವ ಬಲ ಜಾರಿಸುವ ಬಲದ ಎಷ್ಟು ಪಟ್ಟು ಎಂಬ ಅಳತೆ) ತೋರಿಸುವ ಲೆಕ್ಕ, ನೀರಿನ ಮಟ್ಟವನ್ನು ಏರಿಸಿದಾಗ 1ಕ್ಕಿಂತ ಕೆಳಗೆ ಹೋಗುವುದು ಅಪರೂಪವಲ್ಲ. ಕೊರೆದ ರಂಧ್ರಗಳಲ್ಲಿ ಮೂರನ್ನಾದರೂ ಮುಚ್ಚದೆ, ತೂತು ಕೊಳವೆ ಇಳಿಸಿ, ನೀರಿನ ಮಟ್ಟ ಅಳೆಯುವ ಪೀಜೋಮೀಟರ್ ಆಗಿ ಉಳಿಸಿಕೊಳ್ಳಿ: ಒಂದು ಪಾದೆಯ ಅಂಚಿನಲ್ಲಿ, ಒಂದು ಜಿನುಗುವ ಸಾಲಿನ ಸ್ವಲ್ಪ ಮೇಲೆ, ಒಂದು ಬುಡದಲ್ಲಿ. ಜೂನ್ ಮೊದಲ ವಾರದಿಂದ ವಾರಕ್ಕೆರಡು ಬಾರಿ, ಭಾರಿ ಮಳೆಯ ದಿನಗಳಲ್ಲಿ ಪ್ರತಿದಿನ, ನೀರಿನ ಮಟ್ಟವನ್ನೂ ಆ ದಿನದ ಮಳೆಯನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ. ಹತ್ತಿರದ ಬಾವಿಗಳ ಮಟ್ಟವನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಮಾರಾಟಗಾರರಿಗೆ ಕಾಯಲು ಸಾಧ್ಯವೇ ಇಲ್ಲವೆಂದಾದರೆ, ಪಾದೆಯ ಮೇಲಿನ ಸಮತಟ್ಟಿಗೆ ಮಾತ್ರ ಸೀಮಿತವಾದ ಯೋಜನೆಯನ್ನು ಕೇಳಿ. ಅದಕ್ಕೂ ಆಳದ ಕೊರೆತ ಬೇಕು, ಕಟ್ಟಡಗಳು ಇಳಿಜಾರಿನ ಅಂಚಿನಿಂದ ಹಿಂದೆ ಸರಿಯಬೇಕು. ಇಳಿಜಾರಿನ ಸಾಲು ಮನೆಗಳ ಮಾತನ್ನು ಅಕ್ಟೋಬರ್‌ನಲ್ಲಿ, ಮೂರು ಪೀಜೋಮೀಟರ್‌ಗಳ ಪುಸ್ತಕವನ್ನು ಮುಂದಿಟ್ಟುಕೊಂಡು ಆಡಬಹುದು.